ಒಬ್ಬ ಪ್ರಯಾಣಿಕನಿಗೆ ಎರಡು ಟಿಕೆಟ್

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಸಂಸ್ಥೆಯು 2025ರಲ್ಲಿ ಒಂದು ಹೊಸ ನಿಯಮವನ್ನು ಪ್ರಕಟಿಸಿ, 2026ರ ಜನವರಿ 27ನ್ನು ಅದು ಜಾರಿಗೆ ಬರುವ ದಿನವೆಂದು ಗೊತ್ತುಪಡಿಸಿತು. ಆಸನದ ಎರಡು ಕೈಗಳ ನಡುವೆ ಹಿಡಿಸಲಾರದ ಸ್ಥೂಲಕಾಯದ ಪ್ರಯಾಣಿಕರು ಪಕ್ಕದ ಆಸನಕ್ಕೂ ಮುಂಗಡವಾಗಿ ಹಣ ತೆತ್ತು ಟಿಕೆಟ್ ಪಡೆಯಬೇಕು ಎಂಬುದೇ ಆ ನಿಯಮ. ವಿಮಾನ ಹೊರಡುವಾಗ ಕನಿಷ್ಠ ಒಂದು ಆಸನವಾದರೂ ಖಾಲಿ ಉಳಿದಿದ್ದರೆ, ಎರಡು ಟಿಕೆಟ್‌ಗಳೂ ಒಂದೇ ದರ್ಜೆಯವಾಗಿದ್ದರೆ ಮತ್ತು 90 ದಿನಗಳೊಳಗೆ ಕೋರಿಕೆ ಸಲ್ಲಿಸಿದರೆ ಮಾತ್ರ ಎರಡನೆಯ ಟಿಕೆಟ್ಟಿನ ಹಣ ಹಿಂದಿರುಗುವುದು. ಅದಕ್ಕೆ ಮುಂಚೆ ಇದೇ ಸಂಸ್ಥೆಯಲ್ಲಿ ಇಂಥವರು ನಿಲ್ದಾಣದಲ್ಲಿ ಕೇಳಿ ಪಕ್ಕದ ಆಸನವನ್ನು ಉಚಿತವಾಗಿ ಪಡೆಯಬಹುದಾಗಿತ್ತು. ಮುಂಗಡವಾಗಿ ಕೊಂಡವರಿಗೆ ಪ್ರಯಾಣದ ನಂತರ ಹಣ ಮರಳುತ್ತಿತ್ತು. ಹೊಸ ನಿಯಮದಲ್ಲಿ ವಿಮಾನ ತುಂಬಿದರೆ ಹಣ ಹೋಯಿತು. ವಿಮಾನ ತುಂಬುವುದಾಗಲಿ ತುಂಬದಿರುವುದಾಗಲಿ ಪ್ರಯಾಣಿಕನ ಕೈಯಲ್ಲಿಲ್ಲ. ಒಂದು ಕಾಲದಲ್ಲಿ ಉದಾರವೆಂದು ಹೆಸರು ಪಡೆದಿದ್ದ ವ್ಯವಸ್ಥೆಯು ಹೀಗೆ ಲಾಟರಿಯ ಚೀಟಿಯಾಗಿ ಪರಿಣಮಿಸಿತು.

ಈ ಬಗೆಯ ನಿಯಮಗಳನ್ನು ಸಮರ್ಥಿಸುವವರು ಕಡಿಮೆಯಿಲ್ಲ. ಹೆಚ್ಚು ಸ್ಥಳ ಬಳಸುವವನು ಹೆಚ್ಚು ಹಣ ಕೊಡಲಿ ಎಂಬುದು ಅವರ ಒಂದು ಮಾತು. ಪಕ್ಕದವನು ಬೆಲೆ ಕೊಟ್ಟು ಪಡೆದ ಸ್ಥಳವನ್ನು ಅತಿಕ್ರಮಿಸುವ ಹಕ್ಕು ಯಾರಿಗೂ ಇಲ್ಲ ಎಂಬುದು ಇನ್ನೊಂದು. ಎರಡನೆಯ ಮಾತನ್ನು ಮೊದಲೇ ಒಪ್ಪಿಬಿಡುವುದು ಲೇಸು. ಪಕ್ಕದವರ ಕಷ್ಟ ಕಲ್ಪಿತವಾದುದಲ್ಲ. ಲಂಡನ್ನಿನಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನದಲ್ಲಿ ಅತಿ ಸ್ಥೂಲಕಾಯದ ಸಹಪ್ರಯಾಣಿಕರ ಪಕ್ಕದಲ್ಲಿ ಇಕ್ಕಟ್ಟಿನಲ್ಲಿ ಕುಳಿತು ದೇಹಕ್ಕೆ ಪೆಟ್ಟು ಮಾಡಿಕೊಂಡ ವೇಲ್ಸ್ ಪ್ರಾಂತದ ಮಹಿಳೆಯೊಬ್ಬರಿಗೆ ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಯು 13,000 ಪೌಂಡ್ ಪರಿಹಾರ ಕೊಟ್ಟ ವಾರ್ತೆ 2002ರಲ್ಲಿ ಪ್ರಕಟವಾಗಿತ್ತು. ಆದರೆ ಪರಿಹಾರ ತೆತ್ತವರು ಯಾರು ಎಂಬುದನ್ನು ಗಮನಿಸಬೇಕು. ತೆತ್ತದ್ದು ಸಂಸ್ಥೆಯೇ ಹೊರತು ಪಕ್ಕದ ಪ್ರಯಾಣಿಕರಲ್ಲ. ಇಬ್ಬರಿಗೂ ಟಿಕೆಟ್ ಮಾರಿ, ಇಬ್ಬರ ಹಣವನ್ನೂ ಪಡೆದು, ಇಬ್ಬರನ್ನೂ ಆ ಇಕ್ಕಟ್ಟಿನಲ್ಲಿ ಕೂರಿಸಿದ್ದು ಸಂಸ್ಥೆ. ಇಬ್ಬರು ಗ್ರಾಹಕರ ನಡುವೆ ಜಗಳ ಹಚ್ಚಿ ಮಾರಾಟಗಾರನು ದೂರ ನಿಂತು ನೋಡುವ ಈ ವ್ಯವಹಾರದಲ್ಲಿ ಋಣ ಯಾರದು ಎಂಬುದೇ ಇತ್ಯರ್ಥವಾಗಬೇಕಾದ ಪ್ರಶ್ನೆ.

ಅದನ್ನು ಇತ್ಯರ್ಥಪಡಿಸಲು ಮಾರುತ್ತಿರುವ ಸರಕು ಯಾವುದೆಂದು ತಿಳಿಯಬೇಕು. ಹದಿನೇಳು ಅಂಗುಲ ಅಗಲದ ಮೆತ್ತೆಯೋ, ಒಬ್ಬ ಮನುಷ್ಯನನ್ನು ಒಂದೂರಿನಿಂದ ಇನ್ನೊಂದೂರಿಗೆ ಕ್ಷೇಮವಾಗಿ ಮುಟ್ಟಿಸುವ ಹೊಣೆಯೋ? ಟಿಕೆಟ್ಟಿನ ಮೇಲೆ ಅಚ್ಚಾಗುವುದು ಪ್ರಯಾಣಿಕನ ಹೆಸರು, ಹೊರಡುವ ಊರು, ತಲಪುವ ಊರು. ಅಂಗುಲಗಳ ಸುದ್ದಿ ಅಲ್ಲಿಲ್ಲ. ಮಾರಿದ್ದು ಸ್ಥಳವೇ ಆಗಿದ್ದರೆ, ಅದನ್ನು ಕೊಂಡವನು ತನಗೆ ಅನಾನುಕೂಲವಾದಾಗ ತಮ್ಮನಿಗೋ ಮಿತ್ರನಿಗೋ ಕೊಡಲು ಅಡ್ಡಿಯಿರಬಾರದಾಗಿತ್ತು. ಹಾಗೆ ಕೊಡಲು ಹೋದರೆ, ಇದು ಈ ವ್ಯಕ್ತಿಯ ಪ್ರಯಾಣಕ್ಕಷ್ಟೇ ಸಲ್ಲುವ ಟಿಕೆಟ್ ಎನ್ನುತ್ತಾರೆ. ಇನ್ನೂ ಒಂದು ವಿಚಿತ್ರವಿದೆ. ಕೆಲವರು ಬರಲಾರರೆಂಬ ಲೆಕ್ಕಾಚಾರದ ಮೇಲೆ, ಇರುವ ಆಸನಗಳಿಗಿಂತ ಹೆಚ್ಚು ಟಿಕೆಟ್ ಮಾರುವ ಪದ್ಧತಿ ಈ ಉದ್ಯಮದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಮೆರಿಕದ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಒಂದೇ ಆಸನವನ್ನು ಇಬ್ಬರಿಗೆ ಮಾರುವಾಗ ಆಸನವೆಂಬುದು ಬರಿಯ ಅಂದಾಜು. ಒಬ್ಬ ದಪ್ಪ ಮನುಷ್ಯ ಬಂದು ಕುಳಿತಾಗ ಮಾತ್ರ ಅದು ಎಲ್ಲೆಕಟ್ಟು ಹಾಕಿದ ಹೊಲ! ವ್ಯಾಪಾರಿಯು ತನಗೆ ಲಾಭವಾದ ಕಡೆ ಒಂದು ವ್ಯಾಖ್ಯೆಯನ್ನೂ ನಷ್ಟವಾದ ಕಡೆ ಮತ್ತೊಂದು ವ್ಯಾಖ್ಯೆಯನ್ನೂ ಹಿಡಿದರೆ ಅಂಗಡಿಯ ಮುಂದೆ ಯಾರೂ ನಿಲ್ಲುವುದಿಲ್ಲ.

ಬಟ್ಟೆಯ ವ್ಯಾಪಾರ ಬಲ್ಲವರಿಗೆ ಪನ್ನದ ಮಾತು ಹೊಸದಲ್ಲ. ಮೀಟರಿನ ಬೆಲೆ ಹೇಳುವಾಗಲೇ ಪನ್ನ ಎಷ್ಟೆಂದು ಹೇಳುವುದು ವಾಡಿಕೆ. ಗಿರಾಕಿ ಅದರ ಮೇಲೆ ಎಷ್ಟು ಮೀಟರು ಬೇಕೆಂದು ನಿರ್ಧರಿಸುತ್ತಾನೆ. ಪನ್ನವನ್ನು ಸದ್ದಿಲ್ಲದೆ ಕಿರಿದುಗೊಳಿಸಿ, ಹೊಲಿಸಿದ ಅಂಗಿ ಮೈಗೆ ಬಾರದಾಗ, ನಿಮ್ಮ ಮೈ ದೊಡ್ಡದು, ಇನ್ನೊಂದು ತುಂಡು ಕೊಳ್ಳಿ ಎನ್ನುವ ವ್ಯಾಪಾರಿಯನ್ನು ಪೇಟೆ ಏನೆಂದು ಕರೆಯುತ್ತದೆ? ವಿಮಾನದಲ್ಲಿ ನಡೆದಿರುವುದು ಇದೇ. ಅಮೆರಿಕದ ಪ್ರಯಾಣಿಕರ ಸಂಘಟನೆಯಾದ ಫ್ಲೈಯರ್ಸ್ ರೈಟ್ಸ್ ನ್ಯಾಯಾಲಯದ ಮುಂದೆ ಇಟ್ಟ ಅಂಕಿಗಳನ್ನು ನೋಡಬಹುದು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಸರಾಸರಿ 35 ಅಂಗುಲವಿದ್ದ ಅಂತರ 31ಕ್ಕೆ ಇಳಿದಿದೆ, ಕೆಲವು ವಿಮಾನಗಳಲ್ಲಿ 28ಕ್ಕೆ. 2000ದ ಆರಂಭದಲ್ಲಿ ಸುಮಾರು ಹದಿನೆಂಟೂವರೆ ಅಂಗುಲವಿದ್ದ ಆಸನದ ಅಗಲ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ 17ಕ್ಕೆ ಬಂದಿದೆ. ಇದೇ ಅವಧಿಯಲ್ಲಿ ಅಲ್ಲಿಯ ಜನರ ದೇಹ ದೊಡ್ಡದಾಗುತ್ತ ಬಂದುದು ಸಂಸ್ಥೆಗಳಿಗೆ ತಿಳಿಯದ ಗುಟ್ಟಾಗಿರಲಿಲ್ಲ. 2017ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಈ ವಿಷಯವನ್ನು ಮತ್ತೆ ಪರಿಶೀಲಿಸುವಂತೆ ವಿಮಾನಯಾನ ಇಲಾಖೆಗೆ ಆದೇಶಿಸಿತು. 2018ರಲ್ಲಿ ಅಮೆರಿಕದ ಸಂಸತ್ತು ಆಸನದ ಕನಿಷ್ಠ ಅಳತೆಯನ್ನು ಒಂದು ವರ್ಷದೊಳಗೆ ನಿಗದಿಪಡಿಸಬೇಕೆಂದು ಕಾನೂನು ಮಾಡಿತು. ಇಲಾಖೆ ನಡೆಸಿದ ಪರೀಕ್ಷೆಯಲ್ಲಿ ಭಾಗವಹಿಸಿದವರು ಅರವತ್ತು ವರ್ಷದೊಳಗಿನ ಗಟ್ಟಿಮುಟ್ಟಾದವರು! ಗಡುವು ಮೀರಿದ ಮೇಲೆ ಸಂಘಟನೆ ಪುನಃ ನ್ಯಾಯಾಲಯಕ್ಕೆ ಹೋಯಿತು. 2023ರ ಮಾರ್ಚಿನಲ್ಲಿ ಆ ಅರ್ಜಿ ತಿರಸ್ಕೃತವಾಯಿತು.

ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಓದುಗರು ಬಲ್ಲರು. ವಿಮಾನ ಸಂಸ್ಥೆಯು ಸುಳ್ಳು ಅಳತೆಗೋಲು ಹಿಡಿದಿದೆ ಎಂದು ಯಾರೂ ಹೇಳುವಂತಿಲ್ಲ. ಅದು ಅಳತೆಯನ್ನು ಬಾಯಿಬಿಟ್ಟು ಹೇಳದೆ ಕಿರಿದುಮಾಡಿ, ಕಿರಿದಾದ ಅಳತೆಯನ್ನೇ ಪ್ರಮಾಣವೆಂದು ಸಾರಿ, ಅದಕ್ಕೆ ಹೊಂದದವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ಎರಡಕ್ಕೂ ಎಷ್ಟು ಅಂತರವೆಂಬುದನ್ನು ವ್ಯಾಪಾರ ಮಾಡುವವರೇ ಯೋಚಿಸಲಿ.

ತೂಕದ ವಾದವೂ ಒಂದಿದೆ. ಭಾರ ಹೆಚ್ಚಿದರೆ ಇಂಧನ ಹೆಚ್ಚು ಉರಿಯುವುದು ನಿಜ. ಸಮೋವಾ ದ್ವೀಪದ ಸಮೋವಾ ಏರ್ ಎಂಬ ಚಿಕ್ಕ ಸಂಸ್ಥೆಯು ಪ್ರಯಾಣಿಕನನ್ನೂ ಅವನ ಸಾಮಾನನ್ನೂ ಒಟ್ಟಿಗೆ ತೂಗಿ ಕಿಲೋ ಲೆಕ್ಕದಲ್ಲಿ ದರ ಪಡೆಯುವ ಪದ್ಧತಿಯಿಂದ 2013ರಲ್ಲಿ ಜಗತ್ತಿನ ಗಮನ ಸೆಳೆದಿತ್ತು. ಕೆಲವೇ ಜನ ಹಿಡಿಸುವ ಪುಟ್ಟ ವಿಮಾನಗಳಿಗೆ ಆ ಲೆಕ್ಕದಲ್ಲಿ ಒಂದು ಪ್ರಾಮಾಣಿಕತೆಯಾದರೂ ಇತ್ತು. ತೆಳ್ಳಗಿನವನಿಗೂ ಮಗುವಿಗೂ ಅಲ್ಲಿ ದರ ಇಳಿಯುತ್ತಿತ್ತು. ದೊಡ್ಡ ಸಂಸ್ಥೆಗಳು ತಕ್ಕಡಿಯ ಒಂದೇ ತಟ್ಟೆಯನ್ನು ಬಳಸುತ್ತವೆ. ನಲವತ್ತೈದು ಕಿಲೋ ತೂಗುವ ವೃದ್ಧೆಗೆ ಅವು ಒಂದು ಕಾಸೂ ಬಿಡುವುದಿಲ್ಲ. ಬೋಯಿಂಗ್ 737-800 ವಿಮಾನವು ಮೇಲೇರುವಾಗ ಹೊರಬಹುದಾದ ಗರಿಷ್ಠ ಒಟ್ಟು ತೂಕ ಸುಮಾರು 79,000 ಕಿಲೋ. ಒಬ್ಬ ಪ್ರಯಾಣಿಕ ಉಳಿದವರಿಗಿಂತ 60 ಕಿಲೋ ಹೆಚ್ಚು ತೂಗಿದರೂ ಅದು ಸಾವಿರದಲ್ಲಿ ಒಂದು ಪಾಲೂ ಆಗಲಿಲ್ಲ. ಅದಕ್ಕೆ ದರವನ್ನು ಇಮ್ಮಡಿಗೊಳಿಸುವುದು ಯಾವ ಲೆಕ್ಕಶಾಸ್ತ್ರ?

ಹಾಗೆಂದು ತೂಕವು ಕ್ಷುಲ್ಲಕ ವಿಷಯವಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಗರದಿಂದ ಮೇಲೇರಿದ ಏರ್ ಮಿಡ್‌ವೆಸ್ಟ್ ಸಂಸ್ಥೆಯ ಸಣ್ಣ ವಿಮಾನ ಒಡನೆಯೇ ಉರುಳಿ ಅದರಲ್ಲಿದ್ದ 21 ಮಂದಿಯೂ ಸತ್ತರು. ದುರಸ್ತಿಯಲ್ಲಿ ಆದ ತಪ್ಪಿನ ಜೊತೆಗೆ, ಭಾರವು ಹಿಂಭಾಗದಲ್ಲಿ ಮಿತಿಮೀರಿದ್ದೂ ಕಾರಣವೆಂದು ತನಿಖೆ ಕಂಡುಕೊಂಡಿತು. ಲೆಕ್ಕಕ್ಕೆ ಹಿಡಿಯುತ್ತಿದ್ದ ಸರಾಸರಿ ದೇಹತೂಕವು ವಾಸ್ತವಕ್ಕಿಂತ ಕಡಿಮೆಯಾಗಿತ್ತು. ಆದುದರಿಂದ ತೂಗಬೇಕು, ಸರಿಯಾಗಿಯೇ ತೂಗಬೇಕು. 2023ರಲ್ಲಿ ಏರ್ ನ್ಯೂಜಿಲೆಂಡ್, 2024ರಲ್ಲಿ ಫಿನ್‌ಲೆಂಡಿನ ಫಿನ್‌ಏರ್ ಸಂಸ್ಥೆಗಳು ಸ್ವ ಇಚ್ಛೆಯಿಂದ ಮುಂದೆ ಬಂದ ಪ್ರಯಾಣಿಕರನ್ನು, ಹೆಸರು ಬರೆದುಕೊಳ್ಳದೆ, ಅಂಕಿಯನ್ನು ಇತರರಿಗೆ ತೋರದೆ ತೂಗಿ ಸರಾಸರಿ ತೆಗೆದವು. ಕ್ಷೇಮಕ್ಕಾಗಿ ತೂಗುವ ಕ್ರಮ ಅದು. ಅದರಿಂದ ಯಾರ ದರವೂ ಏರಲಿಲ್ಲ.

ದಪ್ಪಗಾದದ್ದು ಅವರವರ ತಪ್ಪು, ಬಾಯಿ ಕಟ್ಟಲಿ ಎನ್ನುವವರಿಗೆ ಹೆಚ್ಚು ಉತ್ತರ ಬೇಕಾಗಿಲ್ಲ. ವಂಶದಿಂದ ಬಂದ ದೇಹಪ್ರಕೃತಿ, ಥೈರಾಯ್ಡ್ ದೋಷ, ಸ್ಟೆರಾಯ್ಡ್ ಮತ್ತು ಇನ್ಸುಲಿನ್ ಮೊದಲಾದ ಔಷಧಗಳು ದೇಹವನ್ನು ಹಿಗ್ಗಿಸುವುದನ್ನು ಯಾವ ವೈದ್ಯನೂ ಹೇಳಬಲ್ಲ. ಒಂದು ವೇಳೆ ತಪ್ಪೇ ಇದ್ದರೂ, ಅದರ ದಂಡವನ್ನು ವಸೂಲು ಮಾಡಿ ಜೇಬಿಗಿಳಿಸುವ ಅಧಿಕಾರವನ್ನು ವಿಮಾನ ಸಂಸ್ಥೆಗೆ ಕೊಟ್ಟವರು ಯಾರು? ಕುಡಿದು ತೂರಾಡುವವನಿಗೆ ತಾನೇ ಮದ್ಯವನ್ನು ಬಡಿಸುವ ಉದ್ಯಮವು ಆಹಾರಸಂಯಮದ ಉಪದೇಶಕ್ಕೆ ಇಳಿಯುವುದು ವಿನೋದವೇ ಸರಿ.

ಹಣದ ನಷ್ಟಕ್ಕಿಂತ ದೊಡ್ಡದು ಮಾನದ ನಷ್ಟ. 2005ರಲ್ಲಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ಪ್ಯಾರಿಸಿಗೆ ಮರಳಲು ನಿಂತಿದ್ದ ಫ್ರಾನ್ಸಿನ ಚಿತ್ರಕಥಾ ಲೇಖಕರೊಬ್ಬರ ಸೊಂಟಕ್ಕೆ ಏರ್ ಫ್ರಾನ್ಸ್ ಸಿಬ್ಬಂದಿ ಎಲ್ಲರೆದುರಿಗೆ ಅಳತೆಯ ಟೇಪು ಸುತ್ತಿ, ಎರಡನೆಯ ಟಿಕೆಟ್ ಕೊಳ್ಳುವಂತೆ ಮಾಡಿದರು. ಫ್ರಾನ್ಸಿನ ನ್ಯಾಯಾಲಯವು 2007ರಲ್ಲಿ ಅವರಿಗೆ 8,000 ಯೂರೋ ಪರಿಹಾರವನ್ನೂ ಆ ಟಿಕೆಟ್ಟಿನ ಹಣವನ್ನೂ ಕೊಡಿಸಿತು. 2010ರ ಫೆಬ್ರವರಿಯಲ್ಲಿ ಚಲನಚಿತ್ರ ನಿರ್ದೇಶಕ ಕೆವಿನ್ ಸ್ಮಿತ್ ಅವರನ್ನು ಓಕ್‌ಲೆಂಡಿನಿಂದ ಬರ್ಬ್ಯಾಂಕಿಗೆ ಹೊರಟಿದ್ದ ಸೌತ್‌ವೆಸ್ಟ್ ವಿಮಾನದಿಂದ, ಆಸನದಲ್ಲಿ ಕುಳಿತ ಮೇಲೆ ಎಬ್ಬಿಸಿ ಇಳಿಸಲಾಯಿತು. ಆಸನದ ಎರಡು ಕೈಗಳೂ ತಮಗೆ ತಗಲದಂತೆ ಕೆಳಗಿಳಿದಿದ್ದವೆಂದು ಅವರು ಹೇಳಿದರು. ಅವರು ಪ್ರಸಿದ್ಧರಾದ್ದರಿಂದ ದೊಡ್ಡ ಗುಲ್ಲಾಗಿ ಸಂಸ್ಥೆ ಕ್ಷಮೆ ಕೇಳಿತು. ಹೆಸರಿಲ್ಲದವರು ತಲೆ ತಗ್ಗಿಸಿ ಇಳಿದು ಹೋಗುತ್ತಾರೆ. ವೃದ್ಧ ತಾಯಿಯೊಬ್ಬಳು ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ, ಅಲ್ಲಿ ಒಳನಾಡಿನ ವಿಮಾನ ಹತ್ತುವಾಗ ಭಾಷೆ ತಿಳಿಯದೆ ಆ ಬಾಗಿಲಲ್ಲಿ ನಿಂತರೆ ಅವಳ ಪಾಡೇನೆಂದು ಯೋಚಿಸಿದರೆ ಸಾಕು.

ಬೇರೆ ದಾರಿಯೇ ಇಲ್ಲವೆಂದು ಸಂಸ್ಥೆಗಳು ಹೇಳುವಂತಿಲ್ಲ. ಕೆನಡಾ ದೇಶದ ಸಾರಿಗೆ ಪ್ರಾಧಿಕಾರವು 2008ರ ಜನವರಿಯಲ್ಲಿ 'ಒಬ್ಬ ವ್ಯಕ್ತಿಗೆ ಒಂದೇ ದರ' ಎಂಬ ತತ್ತ್ವವನ್ನು ವಿಧಿಸಿತು. ಅಂಗವೈಕಲ್ಯದ ಕಾರಣ ಜೊತೆಗೆ ಸಹಾಯಕರನ್ನು ಕರೆದೊಯ್ಯಲೇಬೇಕಾದವರಿಗೂ, ಸ್ಥೂಲಕಾಯವೇ ವೈಕಲ್ಯವಾಗಿ ಪರಿಣಮಿಸಿದವರಿಗೂ ದೇಶದೊಳಗಿನ ವಿಮಾನಗಳಲ್ಲಿ ಎರಡನೆಯ ಆಸನಕ್ಕೆ ದರ ಕೇಳಕೂಡದೆಂದು ಏರ್ ಕೆನಡಾ ಮತ್ತು ವೆಸ್ಟ್‌ಜೆಟ್ ಸಂಸ್ಥೆಗಳಿಗೆ ಅದು ಆದೇಶಿಸಿತು. ಸಂಸ್ಥೆಗಳು ಮೇಲ್ಮನವಿಗೆ ಹೊರಟವು. ಅದೇ ವರ್ಷದ ನವೆಂಬರಿನಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಮನವಿಯನ್ನು ಕೇಳಲೂ ಒಪ್ಪಲಿಲ್ಲ; 2009ರ ಜನವರಿಯಲ್ಲಿ ಆದೇಶ ಜಾರಿಗೆ ಬಂದಿತು. ಇದರ ಖರ್ಚನ್ನು ಎಲ್ಲ ಟಿಕೆಟ್‌ಗಳ ಮೇಲೆ ಹಂಚಿದರೆ ಏರ್ ಕೆನಡಾಕ್ಕೆ ಟಿಕೆಟ್ಟೊಂದಕ್ಕೆ ಸುಮಾರು 77 ಸೆಂಟ್, ವೆಸ್ಟ್‌ಜೆಟ್‌ಗೆ 44 ಸೆಂಟ್ ಬೀಳುವುದೆಂದು ಪ್ರಾಧಿಕಾರ ಅಂದಾಜು ಮಾಡಿತ್ತು. ಒಂದು ಡಾಲರಿಗೂ ಕಡಿಮೆ. ಎರಡು ಸಂಸ್ಥೆಗಳೂ ಅದರ ನಂತರವೂ ಹಾರಾಟ ನಡೆಸುತ್ತ ಬಂದಿವೆ. ತೆಳ್ಳಗಿನವರು ಆ ಸೆಂಟುಗಳನ್ನು ಏಕೆ ಕೊಡಬೇಕೆಂದು ಕೇಳುವವರುಂಟು. ಗಾಲಿಕುರ್ಚಿಯನ್ನು ತಳ್ಳುವವರ ಸಂಬಳವೂ ಎಲ್ಲರ ಟಿಕೆಟ್ಟಿನಿಂದಲೇ ಹೊರಡುತ್ತದೆ. ಅದಕ್ಕೆ ಯಾರೂ ಗೊಣಗಿದ್ದನ್ನು ಕೇಳಿಲ್ಲ.

ಕೆನಡಾದ ಕ್ರಮದಲ್ಲಿಯೂ ಕೊರತೆಯಿದೆ. ಆ ಆದೇಶ ಗಡಿಯೊಳಗಿನ ಪ್ರಯಾಣಕ್ಕೆ ಸೀಮಿತ. ಮೇಲಾಗಿ ವೈದ್ಯರ ಪ್ರಮಾಣಪತ್ರದ ಅಲೆದಾಟ ಬೇರೆ. ಆದರೂ ಅಳತೆಯು ವೈದ್ಯರ ಕೋಣೆಯಲ್ಲಿ ಒಮ್ಮೆ ಆಗುವುದು ನೂರಾರು ಜನರೆದುರು ಮತ್ತೆ ಮತ್ತೆ ಆಗುವುದಕ್ಕಿಂತ ಎಷ್ಟೋ ಮೇಲು. ಉಳಿದ ದೇಶಗಳ ವಿಮಾನಯಾನ ಇಲಾಖೆಗಳು ಇದನ್ನು ಆಧಾರವಾಗಿಟ್ಟುಕೊಂಡು ಆಸನದ ಅಗಲವನ್ನು ಟಿಕೆಟ್ ಮಾರುವ ಮೊದಲೇ ದರದ ಪಕ್ಕದಲ್ಲಿ ಅಂಗುಲಗಳಲ್ಲಿ ತಿಳಿಸುವಂತೆ ಮಾಡಬೇಕು. ಟಿಕೆಟ್ ಕಾದಿರಿಸುವಾಗಲೇ ಪ್ರಯಾಣಿಕನು ತನ್ನ ಅಗತ್ಯವನ್ನು ಗುಪ್ತವಾಗಿ ತಿಳಿಸಲು ಅವಕಾಶವಿರಬೇಕು. ಹಾಗೆ ತಿಳಿಸಿದವನಿಗೆ ಪಕ್ಕದ ಆಸನವನ್ನು ದರವಿಲ್ಲದೆ ಖಾಲಿಬಿಡಬೇಕು. ವ್ಯವಸ್ಥೆ ತಪ್ಪಿ ಪಕ್ಕದಲ್ಲಿ ಬೇರೊಬ್ಬರು ಇಕ್ಕಟ್ಟಿನಲ್ಲಿ ಕೂರಬೇಕಾಗಿ ಬಂದರೆ, ಆ ಇನ್ನೊಬ್ಬರಿಗೆ ಪರಿಹಾರ ಕೊಡಬೇಕಾದುದು 2002ರಲ್ಲಿ ಕೊಟ್ಟಂತೆ ವಿಮಾನ ಸಂಸ್ಥೆ.