ಚಳಿಯೂ ಚಕ್ರದ ಮೇಲಿನ ಮನೆಯೂ

ಮಾಗಿಯ ಇರುಳಲ್ಲಿ ನಾವು ಹೊದ್ದು ಓದುತ್ತಿರುವಾಗ ಜಮಖಂಡಿ-ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಗುತ್ತಿರುತ್ತವೆ. ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವ ಕುಟುಂಬಗಳಿಗೆ ದಾರಿಯುದ್ದಕ್ಕೂ ಟ್ರೇಲರೇ ಮನೆ. ಪಾತ್ರೆ, ಹಾಸಿಗೆ, ಕೂಸು ಎಲ್ಲವೂ ಅದರಲ್ಲಿಯೇ.

ನನ್ನ ತಂದೆಯವರೂ ಇಂತಹ ಟ್ರ್ಯಾಕ್ಟರಿನ ಚಾಲಕರು. ಕೂಡ್ರುವ ಜಾಗಕ್ಕೆ ಮರೆಯಿಲ್ಲ. ನಸುಕಿನ ಗಾಳಿ ನೇರವಾಗಿ ಎದೆಗೇ ಬಡಿಯುತ್ತದೆ. ರಬಕವಿ-ಬನಹಟ್ಟಿಯ ಹತ್ತಿಯ ಬಟ್ಟೆ ಬೇಸಗೆಗೆ ಸೊಗಸು. ಇಬ್ಬನಿಯಲ್ಲಿ ನೆನೆದರೆ ಮೈಗಂಟಿ ತಣ್ಣಗಾಗುತ್ತದೆ. ಚಳಿಗೆ ಕುರಿಯುಣ್ಣೆಯ ಕಂಬಳಿಯೇ ಸರಿ. ಎಳೆಗಳ ನಡುವೆ ಸಿಕ್ಕಿನಿಂತ ಗಾಳಿಯೇ ಮೈಯ ಕಾವನ್ನು ಕಾಯುತ್ತದೆ.

ಆದರೆ ತಾಡಪತ್ರಿಯ ಮರೆಯಲ್ಲಿ ಕೆಂಡವಿಟ್ಟುಕೊಂಡು ಮಲಗುವುದನ್ನು ನಾನು ಒಪ್ಪಲಾರೆ. ಅದರಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಏಳದೆಯೇ ಹೋಗಬಹುದು. ಬೆಂಕಿ ಬಯಲಿನಲ್ಲಿರಲಿ, ಕಂಬಳಿ ಒಳಗಿರಲಿ.

ಇಷ್ಟಕ್ಕೇ ಮುಗಿಯಲಿಲ್ಲ. ಚಳಿ ಕಳೆಯುವ ಹೊಣೆಯೆಲ್ಲ ಚಾಲಕನೊಬ್ಬನದೇ ಅಲ್ಲ. ಗಾಡಿಗಳು ಸರದಿ ಕಾಯುವ ಅಂಗಳದಲ್ಲಿ ಗಾಳಿ ತಡೆಯುವ ಗೋಡೆ, ಮಾಡು, ಬಿಸಿನೀರು ಇರಲೇಬೇಕು. ಕಬ್ಬಿನ ಸಿಪ್ಪೆಯನ್ನೇ ಉರಿಸಿ ಉಗಿ ಮಾಡುವ ಕಾರಖಾನೆಗಳಿಗೆ ಒಂದು ಹಂಡೆ ಬಿಸಿನೀರು ಭಾರವೇ? ಸಕ್ಕರೆ ಹಾಕಿದ ಬಿಸಿ ಚಹಾ ಕುಡಿಯುವ ನಾವು, ವಿದ್ಯಾರ್ಥಿಗಳು, ಈ ಮಾತನ್ನು ಕೇಳದಿದ್ದರೆ ಕೇಳುವವರು ಯಾರು?