ಅಂಗಡಿಯ ಕಾರ್ಡೂ ಮನೆಯ ಲೆಕ್ಕವೂ

ಸತ್ಯಮಂಗಲವನ್ನು ಹಾಯ್ದು, ದಿಂಬಂ ಘಾಟಿಯನ್ನೇರಿ ಕನ್ನಡ ಸೀಮೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿದೆ ನಮ್ಮ ಶರವಣಂಪಟ್ಟಿ. 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿದ ಮೇಲೆ ಇಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು ಬಂದಿವೆ; ಅವುಗಳೊಡನೆ ಸದಸ್ಯತ್ವದ ಕಾರ್ಡುಗಳೂ ಬಂದಿವೆ. ಇಂತಹ ಕಾರ್ಡಿನಿಂದ ಬಡ ಸಂಸಾರಕ್ಕೆ ನಿಜವಾಗಿ ಉಪಯೋಗವುಂಟೇ ಎಂಬುದನ್ನು ಈ ಸಲ ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಈ ವಿಚಾರಕ್ಕೆ ಕಾರಣರಾದವರು ನಮ್ಮ ವಿದ್ಯಾರ್ಥಿಯೊಬ್ಬನ ತಾಯಿ. ಅವರ ಯಜಮಾನರಿಗೆ ಪಂಪಿನ ಕಾರ್ಖಾನೆಯಲ್ಲಿ ವಾರದ ಕೂಲಿ. ಒಂದು ಸಂಜೆ ಆಕೆ ಬಿಲ್ಲೊಂದನ್ನು ಹಿಡಿದು ಶಾಲೆಗೆ ಬಂದರು. “ಮೇಷ್ಟ್ರೇ, ಸಾಮಾನು 860 ರೂಪಾಯಿಗೆ ಬಂದಿತ್ತು. ಸಾವಿರ ಮುಟ್ಟಿಸಿದರೆ ಎರಡರಷ್ಟು ಪಾಯಿಂಟು ಎಂದರು. ಬಿಸ್ಕತ್ತು, ಸಾಬೂನು ಸೇರಿಸಿ ಮುಟ್ಟಿಸಿದೆ. ಈಗ ಹಾಲಿನವರಿಗೆ ಕೊಡಲು ದುಡ್ಡಿಲ್ಲ. ನನಗೆ ಲಾಭವಾಯಿತೋ ನಷ್ಟವಾಯಿತೋ, ನೀವೇ ಹೇಳಿ” ಎಂದರು.

ನಾವು ಕರಿಹಲಗೆಯ ಮೇಲೆಯೇ ಲೆಕ್ಕ ಮಾಡಿದೆವು. ಆ ಅಂಗಡಿಯಲ್ಲಿ 100 ರೂಪಾಯಿಗೆ ಒಂದು ಪಾಯಿಂಟು. ಒಂದು ಪಾಯಿಂಟಿಗೆ 50 ಪೈಸೆ. 860 ರೂಪಾಯಿಗೆ 8 ಪಾಯಿಂಟು, ಅಂದರೆ 4 ರೂಪಾಯಿ. ಸಾವಿರಕ್ಕೆ ಎರಡರಷ್ಟೆಂದರೆ 20 ಪಾಯಿಂಟು, ಅಂದರೆ 10 ರೂಪಾಯಿ. ಹೆಚ್ಚಾಗಿ ದೊರೆತದ್ದು 6 ರೂಪಾಯಿ. ಅದಕ್ಕಾಗಿ ಹೆಚ್ಚಾಗಿ ತೆತ್ತದ್ದು 140. ಆ ಆರು ರೂಪಾಯಿಯೂ ಕೈಗೆ ಬಂದ ನಗದಲ್ಲ. ಮತ್ತೆ ಅದೇ ಅಂಗಡಿಗೆ ಹೋದರೆ ಮಾತ್ರ ಸಲ್ಲುವ ಹಣ. ಅವಧಿ ಮೀರಿದರೆ ಅದೂ ಇಲ್ಲ.

ಹಾಗೆಂದು ಕಾರ್ಡುಗಳೆಲ್ಲವೂ ಮೋಸವೆಂದು ಹೇಳುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ ಕಾರ್ಡುದಾರರಿಗೆ ಬೆಲೆಯಲ್ಲಿಯೇ ರಿಯಾಯಿತಿ ಕೊಡುವ ಪದ್ಧತಿಯುಂಟು. ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು ಸುಮಾರು 50,000 ಸರಕುಗಳನ್ನು ಪರಿಶೀಲಿಸಿ, ಶೇಕಡಾ 92ರಲ್ಲಿ ಉಳಿತಾಯ ನಿಜವೆಂದು 2024ರ ನವೆಂಬರಿನಲ್ಲಿ ತಿಳಿಸಿತು. ಆದರೂ ಕಾರ್ಡಿನ ಬೆಲೆಯೇ ಯಾವಾಗಲೂ ಅತಿ ಕಡಿಮೆಯದಲ್ಲ, ಬೇರೆ ಅಂಗಡಿಗಳಲ್ಲೂ ವಿಚಾರಿಸಿ ಕೊಳ್ಳಿರಿ ಎಂದು ಎಚ್ಚರಿಸಿತು. ಬೆಲೆ ಇಳಿಸುವ ಕಾರ್ಡು ಒಂದು ಬಗೆ, ಪಾಯಿಂಟು ಕೊಡುವ ಕಾರ್ಡು ಇನ್ನೊಂದು ಬಗೆ ಎಂಬುದನ್ನು ಗೃಹಿಣಿಯರು ಗಮನಿಸಬೇಕು.

ಇನ್ನೊಂದು ಕಾರ್ಡನ್ನು ನಾವು ಮರೆಯಲಾಗದು. ನಮ್ಮ ರಾಜ್ಯದಲ್ಲಿ 2017ರಿಂದ ರೇಷನ್ ಕಾರ್ಡೂ ಸ್ಮಾರ್ಟ್ ಕಾರ್ಡಾಗಿದೆ. ಅದರಲ್ಲಿ ಒಂದು ಕಿಲೋ ತೊಗರಿಬೇಳೆಗೆ 30 ರೂಪಾಯಿ. ಪೇಟೆಯ ಬೆಲೆಯನ್ನು ನೂರೆಂದೇ ಹಿಡಿದರೂ ಉಳಿಯುವುದು 70 ರೂಪಾಯಿ. ಅಷ್ಟನ್ನು ಪಾಯಿಂಟಿನಿಂದ ಗಳಿಸಬೇಕಾದರೆ ಆ ದೊಡ್ಡ ಅಂಗಡಿಯಲ್ಲಿ 14,000 ರೂಪಾಯಿಯ ವ್ಯಾಪಾರ ಮಾಡಬೇಕು! ಬೇಳೆ ಬಂದ ದಿನ ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಲು ಸಂಕೋಚಪಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಬೀದಿಯ ದಿನಸಿ ಅಂಗಡಿಯ ನಂಟನ್ನೂ ಕಡಿದುಕೊಳ್ಳಬಾರದು. ಕೂಲಿ ಬರುವ ಮೊದಲೇ ಅಕ್ಕಿ ಮುಗಿದರೆ ಎರಡು ಕಿಲೋ ಕಡವಾಗಿ ಅಳೆದು ಕೊಡುವವರು ಅವರೇ ಹೊರತು ಯಾವ ಕಾರ್ಡೂ ಅಲ್ಲ.

ಕಾರ್ಡು ಮಾಡಿಸಲು ಫೋನಿನ ಸಂಖ್ಯೆ ಕೇಳುತ್ತಾರೆ. ಕಾರ್ಡು ಬೇಡವೆನ್ನುವವರು ಸಂಖ್ಯೆ ಕೊಡಬೇಕಾಗಿಲ್ಲ. ಸಂಖ್ಯೆಗಾಗಿ ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲಿ ವರ್ತಕರಿಗೆ ಸೂಚಿಸಿದೆ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ತಿಳಿಸಬಹುದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟೆ: ಬೇಕಾದುದನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಿ, ಬರೆದುದನ್ನೇ ಕೊಂಡು, ಆ ಮೇಲೆ ಕಾರ್ಡು ತೋರಿಸುವವರಿಗೆ ಅದು ಚಿಕ್ಕ ಲಾಭ. ಕಾರ್ಡಿಗಾಗಿ ಕೊಳ್ಳುವವರಿಗೆ ಅದು ನಷ್ಟ.

ಆ ತಾಯಿ ಕಾರ್ಡನ್ನು ಎಸೆದಿಲ್ಲ. ಎಸೆಯಿರೆಂದು ನಾವೂ ಹೇಳಲಿಲ್ಲ. ಈಗ ಮಗನೇ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಸಾಮಾನಿನ ಪಟ್ಟಿ ಬರೆದು ಕೊಡುತ್ತಾನಂತೆ. ಪಟ್ಟಿಯ ಮೊದಲ ಸಾಲಿನಲ್ಲಿ ಹಾಲಿನವರ ಬಾಕಿಯಿರುತ್ತದೆ.