ಕೆಲಸಗಳ್ಳರು

ಮಾಡಬೇಕಾದ ಕೆಲಸದಿಂದ ತಪ್ಪಿಸಿಕೊಳ್ಳುವವನನ್ನು ನಾವು ಕೆಲಸಗಳ್ಳನೆಂದು ಹಳಿಯುವೆವಷ್ಟೆ. ಗಣಕಶಾಸ್ತ್ರದಲ್ಲಾದರೋ ಕೆಲಸವನ್ನು ಕದಿಯುವುದೇ ಸದ್ಗುಣವು!

ದೊಡ್ಡದೊಂದು ಲೆಕ್ಕವನ್ನು ಗಣಕಯಂತ್ರದ ಅನೇಕ ಪ್ರೊಸೆಸರುಗಳಿಗೆ ಸಮನಾಗಿ ಹಂಚಿದರೂ ಯಾವ ಪಾಲು ಎಷ್ಟು ಹೊತ್ತು ಹಿಡಿಯುವುದೆಂದು ಮೊದಲೇ ತಿಳಿಯದು. ಒಂದು ಬೇಗನೆ ಮುಗಿಸಿ ಸುಮ್ಮನಿರುವುದು. ಮತ್ತೊಂದು ಹೊರೆಯಡಿಯಲ್ಲಿ ಬಳಲುವುದು. ಕಟ್ಟಕಡೆಯದು ಮುಗಿಸುವ ಪರ್ಯಂತ ಲೆಕ್ಕವು ಮುಗಿಯದು. ಇದಕ್ಕೆ ಪರಿಹಾರವೇನೆಂದರೆ, ಬಿಡುವಾದ ಪ್ರೊಸೆಸರು ತಾನಾಗಿಯೇ ಬೇರೊಂದರ ಬಳಿಗೆ ಹೋಗಿ, ಅಲ್ಲಿ ಎಲ್ಲಕ್ಕಿಂತ ಹಿಂದಿನಿಂದ ಕಾದಿರುವ ಕೆಲಸವನ್ನು ಕದ್ದು ತರುವುದು. ಅಲ್ಲಿ ಸಿಗದಿದ್ದರೆ ಇನ್ನೊಂದರ ಬಳಿ ನೋಡುವುದು. ಹುಡುಕಾಟದ ಶ್ರಮವೆಲ್ಲ ಬಿಡುವಾದವನದೇ. ದುಡಿಯುವವನು ಕೈಯ ಕೆಲಸ ಬಿಟ್ಟು ಹಂಚಲು ಕೂಡಬೇಕಾದುದಿಲ್ಲ. ಈ ಕ್ರಮವು ಸಮರ್ಥವೆಂಬುದನ್ನು ಅಮೆರಿಕದ ಬ್ಲೂಮೋಫ್ ಮತ್ತು ಲೈಸರ್ಸನ್ ಎಂಬ ವಿದ್ವಾಂಸರು 1994ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು.

ನಿವೃತ್ತನಾದ ಮೇಲೆ ನಾನು ಮನೆಯಾಕೆಗೆ, "ಬೇಕಾದರೆ ಕರೆಯಬಾರದೆ?" ಎನ್ನುತ್ತಿದ್ದೆನು. ಕರೆದು ಹಂಚುವುದೂ ಆಕೆಗೆ ಇನ್ನೊಂದು ಕೆಲಸವೆಂಬುದು ನನಗೆ ಹೊಳೆದಿರಲಿಲ್ಲ. ಈಗ ಕರೆಯದೆಯೇ ಹೋಗಿ, ಸೋಸದೆ ಉಳಿದ ಸೊಪ್ಪಿನ ಬುಟ್ಟಿಯನ್ನು ಎತ್ತಿಕೊಂಡು ಬರುತ್ತೇನೆ. ವಾಚಕರೇ, ಇಂತಹ ಕಳ್ಳರು ಮನೆಮನೆಗೂ ಬೇಕು.